ಹಿಂದೆ ಕುಳಿತವರ ಬೆನ್ನು



ನಮ್ಮ ಶಿರ್ವದ ಸುತ್ತಮುತ್ತಲಿನ ಅನೇಕ ಮನೆಗಳ ಅಂಗಳದಲ್ಲಿ ಇಂದು ದೊಡ್ಡ ದೊಡ್ಡ ವಾಹನಗಳು ನಿಂತಿರುವುದನ್ನು ಕಾಣುತ್ತೇವೆ. ಮುಂಬಯಿಯಲ್ಲೋ ದುಬೈಯಲ್ಲೋ ದುಡಿಯುವ ಮಕ್ಕಳು ಊರಿನ ಮನೆಗೆಂದು ಕೊಂಡಿರುವ ಏಳು ಆಸನಗಳ ಎಸ್‌ಯುವಿಗಳು ಅವು. ಎತ್ತರದ ನಿಲುವು, ಅಗಲವಾದ ಟಯರುಗಳು, ಮಳೆಗಾಲದ ಹೊಂಡಗಳಿಗೆ ಅಂಜದ ಗತ್ತು. ಬೆವರು ಸುರಿಸಿ ಗಳಿಸಿದ ಹಣದಿಂದ ಮನೆಯವರಿಗೆಲ್ಲ ಒಟ್ಟಾಗಿ ಓಡಾಡಲು ಅನುಕೂಲ ಮಾಡಿಕೊಟ್ಟಿದ್ದಾರೆಂದರೆ ಅದು ಸಂತೋಷದ ಸಂಗತಿಯೇ. ಅದನ್ನು ಆಕ್ಷೇಪಿಸುವುದಕ್ಕಾಗಿ ನಾನು ಈ ಲೇಖನ ಬರೆಯುತ್ತಿಲ್ಲ.

ಆದರೆ ಒಂದು ಮಾತನ್ನು ಹೇಳಲೇಬೇಕೆನಿಸಿದೆ. ಈ ವಾಹನಗಳನ್ನು ನಾವು ಮುಂದಿನಿಂದ ನೋಡಿ ಮೆಚ್ಚುತ್ತೇವೆ, ಮುಂದಿನ ಆಸನದಲ್ಲಿ ಕುಳಿತು ಪರೀಕ್ಷಿಸುತ್ತೇವೆ, ಮುಂದೆಯೇ ಕುಳಿತು ಓಡಿಸುತ್ತೇವೆ. ಹಿಂದೆ ಕುಳಿತವರ ಬೆನ್ನನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೊಂಡ ಬಂದಾಗ, ಹಂಪು ಬಂದಾಗ, ಹಿಂದಿನವರನ್ನು ಎತ್ತಿ ಕುಕ್ಕುವ ಒರಟುತನವನ್ನು ‘ದೊಡ್ಡ ಗಾಡಿಯ ಜಾತಿಯೇ ಹಾಗೆ’ ಎಂದು ಹಣೆಬರಹದಂತೆ ಒಪ್ಪಿಕೊಂಡುಬಿಟ್ಟಿದ್ದೇವೆ. ಅದು ಹಣೆಬರಹವಲ್ಲ. ಅದಕ್ಕೆ ಕಾರಣಗಳಿವೆ. ಕಾರಣಗಳನ್ನು ಕ್ರಮವಾಗಿ ಹುಡುಕಿದರೆ ಬಹುಪಾಲು ಸಂದರ್ಭಗಳಲ್ಲಿ ದೊಡ್ಡ ವೆಚ್ಚವಿಲ್ಲದೆ ತಕ್ಕಮಟ್ಟಿಗೆ ಸರಿಪಡಿಸಲೂಬಹುದು ಎಂಬುದು ನನ್ನ ಅಭಿಪ್ರಾಯ.

ಇದರಲ್ಲೇನಿದೆ ಅಂಥ ಮಹತ್ತ್ವ ಎಂದು ಕೇಳಬಹುದು. ಈ ವಾಹನ ಹೊರಡುವುದು ಎಲ್ಲಿಗೆ ಎಂದು ಯೋಚಿಸಿ ನೋಡಿ. ಮಣಿಪಾಲದ ಆಸ್ಪತ್ರೆಗೆ, ಬಜಪೆಯ ವಿಮಾನ ನಿಲ್ದಾಣಕ್ಕೆ, ಕಟೀಲಿಗೆ, ಧರ್ಮಸ್ಥಳಕ್ಕೆ, ಕಾರ್ಕಳದ ಅತ್ತೂರಿನ ಜಾತ್ರೆಗೆ, ನೆಂಟರ ಮದುವೆಗೆ. ಹೊರಡುವಾಗ ಕಟ್ಟಕಡೆಯ ಸಾಲಿನಲ್ಲಿ ಕುಳಿತುಕೊಳ್ಳುವವರು ಯಾರು? ಒಂದೋ ಮಕ್ಕಳು, ಇಲ್ಲವೇ ‘ನನಗೆ ಎಲ್ಲಿಯಾದರೂ ಆದೀತು’ ಎನ್ನುವ ಹಿರಿಯರು. ಬೇಡವೆಂದು ಹೇಳಲು ಬಾರದವರೂ ಹೇಳಲು ಸಂಕೋಚಪಡುವವರೂ ಹಿಂದಕ್ಕೆ ಹೋಗುತ್ತಾರೆ. ಮನೆಯ ಅತ್ಯಂತ ದುರ್ಬಲವಾದ ಬೆನ್ನುಮೂಳೆಗಳನ್ನು ವಾಹನದ ಅತ್ಯಂತ ಒರಟಾದ ಜಾಗದಲ್ಲಿ ಕೂರಿಸುವುದೇ ನಮ್ಮ ರೂಢಿಯಾಗಿದೆ.

ಹಿಂಭಾಗವೇ ಏಕೆ ಒರಟು? ಇದನ್ನು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು. ಪ್ರಯೋಗಶಾಲೆಯ ಸ್ಟ್ಯಾಂಡಿಗೆ ಒಂದು ಸ್ಪ್ರಿಂಗನ್ನು ನೇತುಹಾಕಿ, ಅದಕ್ಕೆ ಒಂದೊಂದಾಗಿ ತೂಕದ ಬಿಲ್ಲೆಗಳನ್ನು ಸೇರಿಸುತ್ತ, ಅಳತೆಪಟ್ಟಿಯಲ್ಲಿ ಅದು ಎಷ್ಟು ಇಳಿಯಿತೆಂದು ಬರೆದುಕೊಂಡ ದಿನಗಳು ನಿಮಗೆ ನೆನಪಿರಬಹುದು. ತೂಕ ಎರಡರಷ್ಟಾದರೆ ಇಳಿತವೂ ಎರಡರಷ್ಟು. ರಾಬರ್ಟ್ ಹುಕ್ ಎಂಬ ಆಂಗ್ಲ ವಿಜ್ಞಾನಿ 1678ರಲ್ಲಿ ವಿವರವಾಗಿ ಪ್ರಕಟಿಸಿದ ನಿಯಮವಿದು. ಅದೇ ಸ್ಪ್ರಿಂಗಿಗೆ ಕಡಿಮೆ ತೂಕ ಕಟ್ಟಿ ಎಳೆದು ಬಿಟ್ಟರೆ ಅದು ಬೇಗಬೇಗನೆ ಕುಣಿಯುತ್ತಿತ್ತು. ಹೆಚ್ಚು ತೂಕ ಕಟ್ಟಿದರೆ ನಿಧಾನವಾಗಿ ತೂಗುತ್ತಿತ್ತು. ವಾಹನದ ಹಿಂಭಾಗದ ರಹಸ್ಯವೆಲ್ಲ ಈ ಎರಡನೆಯ ಸಂಗತಿಯಲ್ಲಿ ಅಡಗಿದೆ.

ವಾಹನದ ಮುಂಭಾಗದಲ್ಲಿ ಎಂಜಿನ್ ಇದೆ. ಅದರ ತೂಕ ಎಂದೂ ಬದಲಾಗುವುದಿಲ್ಲ. ಆದ್ದರಿಂದ ಮುಂದಿನ ಸ್ಪ್ರಿಂಗನ್ನು ಆ ಒಂದು ತೂಕಕ್ಕೆ ಹದವಾಗಿ ಹೊಂದಿಸಬಹುದು. ಹಿಂಭಾಗದ ಪಾಡು ಹಾಗಲ್ಲ. ಇಂದು ಚಾಲಕನೊಬ್ಬನೇ ಶಿರ್ವ ಪೇಟೆಗೆ ಹೋಗಿ ಬರುತ್ತಾನೆ; ನಾಳೆ ಏಳು ಮಂದಿ ತಮ್ಮ ಪೆಟ್ಟಿಗೆಗಳೊಂದಿಗೆ ವಿಮಾನ ನಿಲ್ದಾಣಕ್ಕೆ ಹೊರಡುತ್ತಾರೆ. ಎರಡನ್ನೂ ಒಂದೇ ಸ್ಪ್ರಿಂಗ್ ಹೊರಬೇಕು. ತಯಾರಕರು ಸಹಜವಾಗಿಯೇ ಹೆಚ್ಚಿನ ಹೊರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಗಟ್ಟಿಯಾದ ಸ್ಪ್ರಿಂಗ್ ಹಾಕುತ್ತಾರೆ. ಒಂದು ಲೆಕ್ಕ ಮಾಡಿ ನೋಡೋಣ. ಪೂರ್ಣ ಹೊರೆಯಿದ್ದಾಗ ಹಿಂದಿನ ಸ್ಪ್ರಿಂಗುಗಳ ಮೇಲೆ 1300 ಕಿಲೋ, ಖಾಲಿಯಿದ್ದಾಗ 800 ಕಿಲೋ ಇದೆಯೆಂದು ಭಾವಿಸಿ. ಹೊರೆಯಿದ್ದಾಗ ನಿಮಿಷಕ್ಕೆ 80 ಬಾರಿ ತೂಗುವ ಹಿಂಭಾಗ, ಖಾಲಿಯಿದ್ದಾಗ ಸುಮಾರು 102 ಬಾರಿ ತೂಗುತ್ತದೆ. ನಿಮಿಷಕ್ಕೆ 60ರಿಂದ 90ರವರೆಗಿನ ತೂಗಾಟ ಮನುಷ್ಯನಿಗೆ ಹಿತವೆಂದು ವಾಹನ ವಿನ್ಯಾಸಕರು ಸಾಮಾನ್ಯವಾಗಿ ಎಣಿಸುತ್ತಾರೆ. ಅದು ಹೆಚ್ಚುಕಡಿಮೆ ನಮ್ಮ ನಡಿಗೆಯ ಲಯ. ಅದನ್ನು ಮೀರಿದಂತೆ ತೂಗು ಹೋಗಿ ಕುಕ್ಕು ಬರುತ್ತದೆ.

ಎರಡನೆಯ ಕಾರಣ ಕುಳಿತ ಜಾಗ. ನಮ್ಮ ಖಾಸಗಿ ಬಸ್ಸುಗಳ ಕೊನೆಯ ಉದ್ದ ಸೀಟಿನಲ್ಲಿ ಕುಳಿತು ಉಡುಪಿಗೆ ಕಾಲೇಜಿಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ಆಕ್ಸಲುಗಳ ನಡುವೆ ಕುಳಿತವನಿಗೆ ಎರಡೂ ಕಡೆಯ ಏರಿಳಿತ ಹಂಚಿಹೋಗುತ್ತದೆ. ಹಿಂದಿನ ಆಕ್ಸಲಿನ ಮೇಲೆ, ಅಥವಾ ಅದರಿಂದಲೂ ಹಿಂದೆ ಕುಳಿತವನು ಏತದ ತುದಿಯಲ್ಲಿ ಕುಳಿತಂತೆ. ಮೂರನೆಯ ಸಾಲಿನ ಆಸನ ಇರುವುದು ಸರಿಯಾಗಿ ಅಲ್ಲಿಯೇ.

ಮೂರನೆಯದು ಆಕ್ಸಲಿನ ಸ್ವರೂಪ. ಇಂಥ ಅನೇಕ ವಾಹನಗಳಲ್ಲಿ ಹಿಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿ ದಂಡ ಜೋಡಿಸಿರುತ್ತದೆ. ಎಡಚಕ್ರ ಹೊಂಡಕ್ಕಿಳಿದರೆ ಬಲಗಡೆಯೂ ವಾಲುತ್ತದೆ. ಡಿಫರೆನ್ಶಿಯಲ್, ಆಕ್ಸಲ್, ಚಕ್ರ ಎಲ್ಲ ಸೇರಿ ಸ್ಪ್ರಿಂಗಿನ ಕೆಳಗೇ ಬಹಳ ತೂಕವಿರುತ್ತದೆ. ಅಷ್ಟು ತೂಕ ಒಮ್ಮೆ ಮೇಲಕ್ಕೆ ಚಿಮ್ಮಿದರೆ ಅದರ ಪೆಟ್ಟು ಆಸನಕ್ಕೆ ತಲಪದೆ ಇರಲಾರದು.

ಇನ್ನು ಸ್ಪ್ರಿಂಗಿನ ಜಾತಿ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಬಾಗಿಸಿದ ಲೀಫ್ ಸ್ಪ್ರಿಂಗನ್ನು ನಮ್ಮ ಗ್ಯಾರೇಜಿನವರು ‘ಪ್ಲೇಟು’ ಎನ್ನುತ್ತಾರೆ. ಇದು ನಮ್ಮ ಜಿಲ್ಲೆಗೆ ಅಪರಿಚಿತವಾದ ವಸ್ತುವೇನಲ್ಲ. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕನ್ನು ಹುಟ್ಟುಹಾಕಿದ ಮೂವರಲ್ಲೊಬ್ಬರಾದ ವಾಮನ ಶ್ರೀನಿವಾಸ ಕುಡ್ವರ ಹೆಸರಿನೊಡನೆ ಬೆಸೆದುಕೊಂಡಿರುವ ಮಂಗಳೂರಿನ ಕೆನರಾ ವರ್ಕ್‌ಶಾಪ್ಸ್ ಸಂಸ್ಥೆ ವಾಹನಗಳ ಲೀಫ್ ಸ್ಪ್ರಿಂಗುಗಳಿಗೆ ಹೆಸರಾಗಿತ್ತು. ಬೈಕಂಪಾಡಿಯ ಲ್ಯಾಮಿನಾ ಸಂಸ್ಥೆಯೂ ಅದೇ ಉದ್ಯಮದ್ದು. ಲ್ಯಾಟಿನ್ ಭಾಷೆಯಲ್ಲಿ ಲ್ಯಾಮಿನಾ ಎಂದರೆ ತೆಳುವಾದ ಪಟ್ಟಿ ಎಂದೇ ಅರ್ಥ. ಬಸ್ಸು, ಲಾರಿಗಳ ಹೊರೆ ಹೊರುವ ಉಕ್ಕಿನ ಬಿಲ್ಲುಗಳನ್ನು ಕರಾವಳಿಯ ಕೈಗಳೇ ಬಾಗಿಸಿವೆ ಎಂಬುದು ನಮಗೆ ಅಭಿಮಾನದ ವಿಷಯ.

ಲೀಫ್ ಸ್ಪ್ರಿಂಗಿನ ಗುಣ ದೊಡ್ಡದು. ಸರಳ, ಗಟ್ಟಿ, ಅಗ್ಗ. ಹೊರೆಯನ್ನೂ ಹೊರುತ್ತದೆ, ಆಕ್ಸಲನ್ನು ಸ್ಥಳದಲ್ಲಿ ಹಿಡಿದೂ ಇಡುತ್ತದೆ. ದೋಷವೆಂದರೆ ಪಟ್ಟಿಗಳ ನಡುವಣ ಘರ್ಷಣೆ. ಸಣ್ಣ ಹೊಂಡಗಳಿಗೆ ಅದು ಬಾಗುವುದೇ ಇಲ್ಲ. ಘರ್ಷಣೆಯನ್ನು ಮೀರುವಷ್ಟು ಪೆಟ್ಟು ಬಿದ್ದಾಗ ಮಾತ್ರ ಜಗ್ಗುತ್ತದೆ. 1994ರಲ್ಲಿ ಬಂದ ಟಾಟಾ ಸುಮೋ, 2000ದಲ್ಲಿ ಬಂದ ಬೊಲೆರೊ ಮತ್ತು ಟೊಯೊಟಾ ಕ್ವಾಲಿಸ್, ಇವೆಲ್ಲದರ ಹಿಂಭಾಗದಲ್ಲಿ ಪ್ಲೇಟುಗಳೇ ಇದ್ದವು. 1998ರ ಟಾಟಾ ಸಫಾರಿ, 2002ರ ಸ್ಕಾರ್ಪಿಯೋ, ಕ್ವಾಲಿಸಿನ ಜಾಗಕ್ಕೆ 2005ರಲ್ಲಿ ಬಂದ ಇನ್ನೋವಾ ಮುಂತಾದವು ಹಿಂದೆಯೂ ಸುರುಳಿ ಸ್ಪ್ರಿಂಗನ್ನು ತಂದವು. ಕ್ವಾಲಿಸಿನಿಂದ ಇಳಿದು ಇನ್ನೋವಾ ಹತ್ತಿದವರು ಆ ವ್ಯತ್ಯಾಸವನ್ನು ಬೆನ್ನಿನಿಂದಲೇ ಅರಿತರು. ಆದರೂ ಸುರುಳಿ ಸ್ಪ್ರಿಂಗ್ ಇದ್ದ ಮಾತ್ರಕ್ಕೆ ಸುಖವೆಂದು ಭಾವಿಸಬೇಕಾಗಿಲ್ಲ. ಮೇಲೆ ಹೇಳಿದ ಉಳಿದ ಕಾರಣಗಳು ಅಲ್ಲಿಯೂ ಇದ್ದೇ ಇವೆ.

ಇಷ್ಟು ಪೀಠಿಕೆಯ ನಂತರ ಒಂದು ಉದಾಹರಣೆಯನ್ನು ಹೇಳುತ್ತೇನೆ. ನನ್ನ ಸೋದರಳಿಯ ಮುಂಬಯಿಯಲ್ಲಿ ಉದ್ಯೋಗದಲ್ಲಿರುವವನು, ಊರಿನ ಮನೆಗೆಂದು ಒಂದು ದೊಡ್ಡ ಎಸ್‌ಯುವಿಯನ್ನು ಕೊಂಡ. ಸ್ವಲ್ಪ ಹಳೆಯದು, ಹಿಂದೆ ಪ್ಲೇಟುಗಳಿರುವ ಮಾದರಿ. ಅಕ್ಕನಿಗೆ ಎಪ್ಪತ್ತು ದಾಟಿದೆ. ಸೊಂಟದ ತೊಂದರೆಗಾಗಿ ಆಗಾಗ ಮಣಿಪಾಲಕ್ಕೆ ಹೋಗಬೇಕು. ದಾರಿ 20 ಕಿ.ಮೀ. ಆಸುಪಾಸು. ನಡುವಿನ ಸಾಲಿನಲ್ಲಿ ಸೊಸೆಯೂ ಮಕ್ಕಳೂ ಕುಳಿತರೆಂದು ಅಕ್ಕ ತಾನಾಗಿಯೇ ಹಿಂದಕ್ಕೆ ಹೋದಳು. ಎರಡು ಬಾರಿ ಹೋಗಿ ಬಂದ ಮೇಲೆ, “ಮಗಾ, ಇನ್ನು ನಾನು ಬಸ್ಸಿನಲ್ಲಿಯೇ ಹೋಗುತ್ತೇನೆ” ಎಂದಳು. ಚಿಕಿತ್ಸೆಗೆಂದು ಹೋದ ದಾರಿಯೇ ನೋವನ್ನು ಹೆಚ್ಚಿಸಿತ್ತು.

ಅಳಿಯನಿಗೆ ಬೇಸರವಾಯಿತು. ವಾಹನವನ್ನು ಮಾರಿದವರು “ದೊಡ್ಡ ಗಾಡಿ ಹೀಗೆಯೇ, ಅಭ್ಯಾಸವಾಗುತ್ತದೆ” ಎಂದು ಕೈತೊಳೆದುಕೊಂಡರು. ಮತ್ತೊಬ್ಬರು ಯಾರೋ ಎರಡು ಪ್ಲೇಟು ತೆಗೆಸಿಬಿಡುವಂತೆ ಸಲಹೆ ಕೊಟ್ಟರು. “ಮಾವ, ತೆಗೆಸಿಬಿಡಲೇ?” ಎಂದು ಅವನು ನನ್ನನ್ನು ಕೇಳಿದ. ರೋಗವೇನೆಂದು ತಿಳಿಯುವ ಮೊದಲೇ ಶಸ್ತ್ರಚಿಕಿತ್ಸೆ ಬೇಡ ಎಂದು ಹೇಳಿ, ಗ್ಯಾರೇಜು ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಲ್ಲಿಗೆ ಕರೆದುಕೊಂಡು ಹೋದೆ. ಅವನು ವಾಹನವನ್ನೊಮ್ಮೆ ಸುತ್ತಿ ನೋಡಿ, “ಮಾಷ್ಟ್ರೇ, ಮೊದಲು ಗಾಳಿ ನೋಡುವ” ಎಂದ. ಆ ಒಂದು ಮಾತಿನಲ್ಲೇ ನನಗೆ ಅವನ ಮೇಲೆ ವಿಶ್ವಾಸ ಹುಟ್ಟಿತು. ಖರ್ಚಿಲ್ಲದ್ದನ್ನು ಮೊದಲು ನೋಡುವವನೇ ಒಳ್ಳೆಯ ಕೆಲಸಗಾರ.

ಟಯರು ಕೂಡ ಒಂದು ಸ್ಪ್ರಿಂಗೇ ಎಂಬುದನ್ನು ನಾವು ಮರೆಯುತ್ತೇವೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಎಷ್ಟು ಗಾಳಿ ಇರಬೇಕೆಂದು ಅದರಲ್ಲಿ ಬರೆದಿರುತ್ತದೆ; ಅನೇಕ ವಾಹನಗಳಲ್ಲಿ ಕಡಿಮೆ ಹೊರೆಗೆ ಒಂದು, ಪೂರ್ಣ ಹೊರೆಗೆ ಇನ್ನೊಂದು ಎಂದು ಬೇರೆಬೇರೆಯಾಗಿಯೇ ಕೊಟ್ಟಿರುತ್ತಾರೆ. ಅಳಿಯನ ವಾಹನದ ಚೀಟಿಯಲ್ಲಿ ಕಡಿಮೆ ಹೊರೆಗೆ 32 ಎಂದಿತ್ತು. ಹಿಂದಿನ ಟಯರುಗಳಲ್ಲಿದ್ದುದು 44. ‘ದೊಡ್ಡ ಗಾಡಿಗೆ ದೊಡ್ಡ ಗಾಳಿ’ ಎಂದು ಯಾರೋ ತುಂಬಿಸಿಬಿಟ್ಟಿದ್ದರು. ಅತಿಯಾದರೆ ಅಮೃತವೂ ವಿಷ. ಗಾಳಿಯನ್ನು ಬೆಳಿಗ್ಗೆ ಓಡಿಸುವ ಮೊದಲು, ಟಯರು ತಣ್ಣಗಿರುವಾಗ ಅಳೆಯಬೇಕು. ಹಾಗೆಂದು ಚೀಟಿಯಲ್ಲಿ ಹೇಳಿದ್ದಕ್ಕಿಂತ ಕೆಳಗೆ ಇಳಿಸಲೂಬಾರದು. ಟಯರು ಬಿಸಿಯೇರಿ ಒಡೆಯುವ ಅಪಾಯವಿದೆ.

ಟಯರಿನ ವಯಸ್ಸನ್ನೂ ನೋಡಬೇಕು. ಅದರ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹಳೆಯದಾದಂತೆ ರಬ್ಬರು ಬಿರುಸಾಗುತ್ತದೆ. ಇನ್ನು ಕೆಲವರು ಅಂದಕ್ಕಾಗಿ ದೊಡ್ಡ ರಿಮ್ಮುಗಳನ್ನು ಹಾಕಿಸಿಕೊಳ್ಳುತ್ತಾರೆ. ರಿಮ್ಮು ದೊಡ್ಡದಾದಷ್ಟೂ ಟಯರಿನ ಬದಿಯ ಗೋಡೆ ಗಿಡ್ಡವಾಗುತ್ತದೆ. ಪೆಟ್ಟನ್ನು ನುಂಗಬೇಕಾದ ಗಾಳಿಯ ಜಾಗವೇ ಕಡಿಮೆಯಾಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ ಇರಬೇಕು. ತಯಾರಕರೇ ಅದೇ ಮಾದರಿಗೆ ಒಪ್ಪಿರುವ ಸಣ್ಣ ರಿಮ್ಮಿಗೆ ಮರಳಿ, ಒಟ್ಟು ವ್ಯಾಸವೂ ಭಾರ ಹೊರುವ ಶಕ್ತಿಯೂ ಕುಂದದಂತೆ ಎತ್ತರದ ಗೋಡೆಯ ಟಯರು ಹಾಕಿದರೆ ಹಿಂಭಾಗದ ಒರಟುತನ ಕಣ್ಣಿಗೆ ಕಾಣುವಂತೆ ಇಳಿಯುತ್ತದೆ.

ಗಾಳಿ ಸರಿಮಾಡಿದ ಮೇಲೆ ವಾಹನದ ಅಡಿಯನ್ನು ನೋಡಿದೆವು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ. ಜೊತೆಗೆ ಕಡಲ ಗಾಳಿಯ ಉಪ್ಪು. ಪ್ಲೇಟುಗಳ ನಡುವೆ ಕೆಸರೂ ತುಕ್ಕೂ ಸೇರಿ ಎಲ್ಲವೂ ಒಂದೇ ಗಟ್ಟಿ ತುಂಡಿನಂತಾಗಿದ್ದವು. ಪ್ಲೇಟು ಬಾಗುವಾಗ ಅದರ ಉದ್ದ ಬದಲಾಗುತ್ತದೆ. ಅದಕ್ಕೆ ಅವಕಾಶ ಕೊಡಲೆಂದು ಹಿಂದಿನ ತುದಿಯಲ್ಲಿ ಶ್ಯಾಕಲ್ ಎಂಬ ತೂಗುವ ಕೊಂಡಿಯಿದೆ. ಒಂದು ಬದಿಯ ಶ್ಯಾಕಲ್ ತುಕ್ಕು ಹಿಡಿದು ಅಲುಗಾಡುತ್ತಲೇ ಇರಲಿಲ್ಲ. ರಬ್ಬರಿನ ಬುಷ್‌ಗಳು ಸತ್ತುಹೋಗಿದ್ದವು. ಒಂದು ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರಿತ್ತು.

ಇಲ್ಲಿ ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಹೇಳಬೇಕು. ಶಾಕ್ ಅಬ್ಸಾರ್ಬರ್ ವಾಹನದ ಭಾರವನ್ನು ಹೊರುವುದಿಲ್ಲ. ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ಅದರ ಕುಣಿತವನ್ನು ತಡೆದು ಶಾಂತಗೊಳಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಆದ್ದರಿಂದ ಒರಟುತನದಲ್ಲಿ ಯಾವ ಬಗೆಯದೆಂದು ಮೊದಲು ಗುರುತಿಸಬೇಕು. ಸಣ್ಣ ಸಣ್ಣ ಕಲ್ಲುಗಳ ಮೇಲೂ ಚುರುಕಾದ ಪೆಟ್ಟು ಬರುತ್ತಿದ್ದರೆ ಟಯರು, ಬುಷ್, ಬಿಗಿದುಕೊಂಡ ಪ್ಲೇಟುಗಳ ಕಡೆ ನೋಡಿ. ಹಂಪು ದಾಟಿದ ಮೇಲೆ ಹಿಂಭಾಗ ಎರಡು ಮೂರು ಬಾರಿ ಏರಿಳಿದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಮಂದಿ ತುಂಬಿದಾಗ ಮಾತ್ರ ‘ಧಡ್’ ಎಂದು ಅಡಿಗೆ ಬಡಿದಂತಾದರೆ ಸ್ಪ್ರಿಂಗ್ ಕುಸಿದಿದೆ, ಅಥವಾ ಹೊರೆ ಮಿತಿ ಮೀರಿದೆ. ಆಕ್ಸಲ್ ಹೋಗಿ ರಬ್ಬರಿನ ತಡೆಗೆ ಬಡಿಯುತ್ತಿದೆ. ಈ ಮೂರನ್ನೂ ‘ಶಾಕು ಹೋಗಿದೆ’ ಎಂಬ ಒಂದೇ ಮಾತಿನಲ್ಲಿ ಸೇರಿಸಿ ಹಣ ಖರ್ಚು ಮಾಡುವುದರಿಂದಲೇ ಅನೇಕರಿಗೆ ಫಲ ದೊರೆಯುವುದಿಲ್ಲ.

ಪ್ಲೇಟುಗಳನ್ನು ಬಿಚ್ಚಿ ತೊಳೆದು, ತುಕ್ಕು ಕೆರೆದು, ತುದಿಗಳ ನಡುವೆ ಘರ್ಷಣೆ ತಗ್ಗಿಸುವ ಪ್ಲಾಸ್ಟಿಕ್ ತುಂಡುಗಳನ್ನಿಟ್ಟು ಮತ್ತೆ ಜೋಡಿಸಿದರು. ಶ್ಯಾಕಲನ್ನು ಬಿಡಿಸಿ ಹೊಸ ಬುಷ್‌ಗಳನ್ನು ಹಾಕಿದರು. ಶಾಕ್ ಅಬ್ಸಾರ್ಬರುಗಳನ್ನು ಜೋಡಿಯಾಗಿಯೇ ಬದಲಾಯಿಸಿದರು. ಒಂದನ್ನೇ ಬದಲಾಯಿಸಿದರೆ ಎರಡು ಬದಿಗಳು ಎರಡು ರೀತಿ ವರ್ತಿಸುತ್ತವೆ. ನನ್ನ ವಿದ್ಯಾರ್ಥಿ ಇನ್ನೊಂದು ಎಚ್ಚರಿಕೆ ವಹಿಸಿದ. ರಬ್ಬರ್ ಬುಷ್‌ನ ಬೋಲ್ಟುಗಳನ್ನು ವಾಹನ ಜಾಕಿನ ಮೇಲಿರುವಾಗ ಪೂರ್ಣ ಬಿಗಿಯಲಿಲ್ಲ. ನೆಲಕ್ಕಿಳಿಸಿ, ಚಕ್ರಗಳ ಮೇಲೆ ಭಾರ ಕುಳಿತ ಮೇಲೆಯೇ ಬಿಗಿದ. ಮೇಲಿರುವಾಗಲೇ ಬಿಗಿದರೆ ಕೆಳಗಿಳಿದಾಗ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕೆಂದೂ ಹೇಳಿ ಕಳುಹಿಸಿದ. ಹಿಂದೆ ಜೀಪಿನವರು ಪ್ಲೇಟುಗಳಿಗೆ ಹಳೆಯ ಎಂಜಿನ್ ಎಣ್ಣೆ ಸುರಿಯುತ್ತಿದ್ದರು. ಅದು ರಬ್ಬರನ್ನು ಕೆಡಿಸುತ್ತದೆ, ಧೂಳನ್ನೂ ಹಿಡಿಯುತ್ತದೆ. ಈಗ ಯಾರೂ ಹಾಗೆ ಮಾಡಬೇಕಾಗಿಲ್ಲ.

ಪ್ಲೇಟುಗಳಲ್ಲಿ ಒಂದನ್ನೂ ತೆಗೆಯಲಿಲ್ಲ. ಏಕೆಂದು ಹೇಳುತ್ತೇನೆ. ಪ್ಲೇಟು ತೆಗೆದರೆ ಸ್ಪ್ರಿಂಗ್ ಮೃದುವಾಗುವುದು ನಿಜ. ಖಾಲಿ ವಾಹನದಲ್ಲಿ ಸುಖವೆನಿಸುವುದೂ ನಿಜ. ಆದರೆ ಏಳು ಮಂದಿ ಕುಳಿತ ದಿನ ಹಿಂಭಾಗ ಕುಸಿದು ಆಕ್ಸಲ್ ರಬ್ಬರಿನ ತಡೆಗೆ ಬಡಿಯುತ್ತದೆ. ಆ ಪೆಟ್ಟು ಗಟ್ಟಿ ಸ್ಪ್ರಿಂಗಿನ ಪೆಟ್ಟಿಗಿಂತ ಕ್ರೂರವಾದದ್ದು. ಉಳಿದ ಪ್ಲೇಟುಗಳು ಹೆಚ್ಚು ಬಾಗಿ ಮುರಿಯಲೂಬಹುದು. ಆಕ್ಸಲನ್ನು ಹಿಡಿದಿಟ್ಟಿರುವುದೇ ಅವು ಎಂಬುದನ್ನು ನೆನೆದರೆ ಘಾಟಿಯ ರಸ್ತೆಯಲ್ಲಿ ಅದರ ಪರಿಣಾಮವನ್ನು ಊಹಿಸಬಹುದು. ಜೊತೆಗೆ 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸವೆದುದನ್ನು ಬದಲಿಸುವುದು ಬೇರೆ, ಮೂಲ ರಚನೆಯನ್ನೇ ಬದಲಿಸುವುದು ಬೇರೆ. ಹಿಂಭಾಗದಲ್ಲಿ ಸಿಮೆಂಟಿನ ಮೂಟೆಯನ್ನೋ ಮರಳಿನ ಚೀಲವನ್ನೋ ಇಟ್ಟುಕೊಂಡು ತಿರುಗುವ ಉಪಾಯವೂ ಇದೆ. ಹುಕ್‌ನ ಸ್ಪ್ರಿಂಗಿಗೆ ತೂಕ ಕಟ್ಟಿದಂತೆ ಅದರಿಂದ ಕುಕ್ಕು ತಗ್ಗುತ್ತದೆ. ಆದರೆ ಕಟ್ಟಿರದ 50 ಕಿಲೋ ತೂಕ ಹಠಾತ್ತಾಗಿ ಬ್ರೇಕ್ ಹಾಕಿದಾಗ ಎಲ್ಲಿಗೆ ಹಾರೀತೆಂದು ಯೋಚಿಸಿದವರು ಆ ಕೆಲಸ ಮಾಡಲಾರರು.

ಹಿಂಭಾಗ ಒಂದಿಷ್ಟು ಗಟ್ಟಿಯಾಗಿರುವುದೇ ಒಳ್ಳೆಯದು ಎಂದು ವಾದಿಸುವವರೂ ಇದ್ದಾರೆ. ಅದರಲ್ಲಿ ಸತ್ಯಾಂಶವಿದೆ. 1930ರ ದಶಕದಲ್ಲಿ ಅಮೆರಿಕದ ಕ್ಯಾಡಿಲಾಕ್ ಸಂಸ್ಥೆಯಲ್ಲಿ ಮಾರಿಸ್ ಒಲಿ ಎಂಬ ಎಂಜಿನಿಯರು ನಡೆಸಿದ ಪ್ರಯೋಗಗಳಿಂದ ತಿಳಿದುಬಂದ ಸಂಗತಿಯೆಂದರೆ, ಹಿಂಭಾಗದ ತೂಗಾಟ ಮುಂಭಾಗಕ್ಕಿಂತ ಸ್ವಲ್ಪ ಚುರುಕಾಗಿರಬೇಕು. ಹೊಂಡಕ್ಕೆ ಮೊದಲು ಇಳಿಯುವುದು ಮುಂದಿನ ಚಕ್ರ. ತಡವಾಗಿ ಕುಣಿಯಲಾರಂಭಿಸುವ ಹಿಂಭಾಗ ಬೇಗನೆ ಹೋಗಿ ಮುಂಭಾಗದ ಲಯವನ್ನು ಕೂಡಿಕೊಂಡರೆ ವಾಹನ ದೋಣಿಯಂತೆ ಮುಂದಕ್ಕೂ ಹಿಂದಕ್ಕೂ ತೊನೆಯುವುದಿಲ್ಲ. ಆದರೆ ಒಲಿ ಹೇಳಿದ್ದು ‘ಸ್ವಲ್ಪ’ ಎಂದು. ತುಕ್ಕು ಹಿಡಿದ ಶ್ಯಾಕಲಿಗೂ 44ರ ಗಾಳಿಗೂ ಅವನ ಸಿದ್ಧಾಂತದಲ್ಲಿ ಸಮರ್ಥನೆ ಸಿಗಲಾರದು. ವಿನ್ಯಾಸದ ಗಟ್ಟಿತನ ಬೇರೆ, ಅಲಕ್ಷ್ಯದ ಗಟ್ಟಿತನ ಬೇರೆ.

ಇನ್ನು ಎಲ್ಲಕ್ಕಿಂತ ಅಗ್ಗದ ಪರಿಹಾರವೊಂದಿದೆ. ಅದು ಚಾಲಕನ ಬಲಗಾಲಿನಲ್ಲಿದೆ. ಹೊಂಡದ ಮೇಲೆ ಚಕ್ರ ಮೇಲೇರುವ ವೇಗ ವಾಹನದ ವೇಗವನ್ನೇ ಅವಲಂಬಿಸಿದೆ. ಚಕ್ರ ಬೇಗನೆ ಏರಿದಷ್ಟೂ ಶಾಕ್ ಅಬ್ಸಾರ್ಬರ್ ಹೆಚ್ಚು ಬಿರುಸಾಗಿ ತಳ್ಳುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಹಂಪು ಎಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ದುಂಡು ಉಬ್ಬು. ಅದನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು ಎಂಬುದು ಲೆಕ್ಕ. ನಮ್ಮ ಊರುಗಳ ಒಳರಸ್ತೆಗಳಲ್ಲಿ ಕಾಣುವ ಎಷ್ಟೋ ಹಂಪುಗಳು ಒಂದು ಮೊಳ ಅಗಲದ ಕಡಿದಾದ ದಿಬ್ಬಗಳು, ಬಣ್ಣವಿಲ್ಲ, ಫಲಕವಿಲ್ಲ. ಅವುಗಳನ್ನು ಸರಿಪಡಿಸಬೇಕೆಂದು ಕೇಳುವ ಹಕ್ಕು ನಮಗಿದೆ, ಕೇಳೋಣ. ಅಲ್ಲಿಯವರೆಗೆ ನಡಿಗೆಯ ವೇಗಕ್ಕಿಳಿಸಿ ದಾಟುವುದರಿಂದ ಯಾರ ಗೌರವವೂ ಕುಂದುವುದಿಲ್ಲ. ಮುಂದಿನ ಚಕ್ರ ದಾಟಿದೊಡನೆ ವೇಗ ಹೆಚ್ಚಿಸುವ ಚಾಲಕರೇ ಹೆಚ್ಚು. ಅವರ ಪಾಲಿಗೆ ಹಂಪು ಮುಗಿದಿರುತ್ತದೆ. ಹಿಂದೆ ಕುಳಿತವರ ಪಾಲಿಗೆ ಆಗಷ್ಟೇ ಶುರುವಾಗುತ್ತದೆ.

ಅಳಿಯನ ವಾಹನ ಈಗ ಹೇಗಿದೆಯೆಂದರೆ, ಹಿಂದಿನ ಆಸನ ಸೋಫಾ ಆಗಲಿಲ್ಲ, ಆಗುವುದೂ ಇಲ್ಲ. ಆದರೆ ಎತ್ತಿ ಕುಕ್ಕುವುದು ನಿಂತಿದೆ. ಅದಕ್ಕಿಂತ ಮುಖ್ಯವಾಗಿ ಕುಳಿತುಕೊಳ್ಳುವ ವ್ಯವಸ್ಥೆ ಬದಲಾಗಿದೆ. ಅಕ್ಕ ನಡುವಿನ ಸಾಲಿನಲ್ಲಿ, ಕಿಟಕಿಯ ಪಕ್ಕ. ಗಟ್ಟಿಮುಟ್ಟಾಗಿರುವ ದೊಡ್ಡವರು ಸರದಿಯಂತೆ ಹಿಂದೆ, ಎಲ್ಲರಿಗೂ ಬೆಲ್ಟು. ಮಣಿಪಾಲಕ್ಕೆ ಅಕ್ಕ ಈಗ ಮಗನ ಗಾಡಿಯಲ್ಲೇ ಹೋಗುತ್ತಾಳೆ. ಗ್ಯಾರೇಜಿನ ಕೆಲಸ ಎಷ್ಟು ಮಾಡಿತೋ ಈ ಒಂದು ಬದಲಾವಣೆಯೂ ಅಷ್ಟೇ ಮಾಡಿತು ಎಂದು ನನ್ನ ಎಣಿಕೆ.

ಆದ್ದರಿಂದ, ಊರಿನ ಮನೆಗೆ ದೊಡ್ಡ ವಾಹನ ಕೊಳ್ಳಲಿರುವ ನನ್ನ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಪರೀಕ್ಷಾರ್ಥ ಓಡಿಸುವಾಗ ಬೇರೆಯವರ ಕೈಗೆ ಸ್ಟಿಯರಿಂಗ್ ಕೊಟ್ಟು ನೀವು ಕೊನೆಯ ಸಾಲಿನಲ್ಲಿ ಕುಳಿತುಕೊಳ್ಳಿ. ನುಣುಪಾದ ಹೆದ್ದಾರಿಯಲ್ಲಲ್ಲ, ನಿಮ್ಮ ಮನೆಯ ಒಳದಾರಿಯಂಥ ದಾರಿಯಲ್ಲಿ, ಅರ್ಧ ಗಂಟೆಯಾದರೂ. ಈಗಾಗಲೇ ವಾಹನವಿರುವವರು ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಹಾಗೆಯೇ ಒಮ್ಮೆ ಕಟಪಾಡಿಯಿಂದ ಶಂಕರಪುರ, ಬಂಟಕಲ್ಲು ಮಾರ್ಗವಾಗಿ ಶಿರ್ವದವರೆಗೆ ಹಿಂದೆ ಕುಳಿತು ಬನ್ನಿ. ಆಮೇಲೆ ಬಾಗಿಲಿನ ಚೀಟಿಯನ್ನು ಓದಿ, ಗಾಳಿ ನೋಡಿ, ವಾಹನದ ಅಡಿಯನ್ನು ಒಬ್ಬ ಒಳ್ಳೆಯ ಕೆಲಸಗಾರನಿಗೆ ತೋರಿಸಿ. ತಂದೆತಾಯಿಯರು ತಾವಾಗಿ ಹೇಳುವವರೆಗೆ ಕಾಯಬೇಡಿ. ಮಗ ಕಷ್ಟಪಟ್ಟು ಕೊಂಡ ಗಾಡಿಯಲ್ಲಿ ಬೆನ್ನು ನೋಯುತ್ತದೆ ಎಂದು ಹೇಳುವ ತಾಯಂದಿರು ಬಹಳ ಕಡಿಮೆ.

ನಿಮ್ಮ ವಾಹನಗಳ ವಿಷಯದಲ್ಲಿ ಇಂಥ ಅನುಭವಗಳಿದ್ದರೆ, ಯಾವ ಉಪಾಯದಿಂದ ಎಷ್ಟು ಫಲ ದೊರೆಯಿತೆಂದು ಬರೆದು ತಿಳಿಸಿ. ಓದಿ ಸಂತೋಷಪಡುವೆ. ಎಲ್ಲರೂ ಕ್ಷೇಮವಾಗಿ ಓಡಾಡಿ.